ಅತ್ತೆಯ ಕೇಸಿಗೆ ನವಿಲಿನ ಸಾಕ್ಷಿ

ಇಡೀ ಬಸವನಗುಡಿಯಲ್ಲಿ ಎರಡೆರಡು ಸಂಸಾರ ನಡೆಸುವ ಹೆಂಗಸು ಎಂದರೆ ನಮ್ಮ ಸೋದರತ್ತೆ ಒಬ್ಬರೇ! ಗಾಬರಿಯಾಗಬೇಡಿ. ಒಂದು ಎಚ್ಚರದಲ್ಲಿ, ಇನ್ನೊಂದು ಕನಸಿನಲ್ಲಿ. ಎರಡರ ನಡುವೆ ಗೋಡೆಯಿರಲಿ, ಒಂದು ತೆಳು ಪರದೆಯೂ ಇರಲಿಲ್ಲ. ಕನಸಿನಲ್ಲಿ ಕೊಂಡ ಸೀರೆಯ ಅಂಚು ಹಿಡಿಸಲಿಲ್ಲವೆಂದು ಮರುದಿನ ಬದಲಾಯಿಸಿಕೊಳ್ಳಲು ಗಾಂಧಿ ಬಜಾರಿಗೆ ಹೋದವರು ಅವರು. "ಸೀರೆ ಎಲ್ಲಮ್ಮಾ?" ಎಂದು ಅಂಗಡಿಯವರು ಕೇಳಿದರೆ, "ಅದೇ ಸಿಕ್ತಿಲ್ಲ ನೋಡಿ, ಬೀರು ಪೂರ್ತಿ ಹುಡುಕಿದೆ!" ಎದುರುಮನೆಯಾಕೆ ಕನಸಿನಲ್ಲಿ ಏನೋ ಅಂದರೆಂದು ವಾರಗಟ್ಟಲೆ ಮಾತು ಬಿಟ್ಟಿದ್ದರು. ಪಾಪ, ಆಕೆ ಯಾವುದಕ್ಕೂ ಇರಲಿ ಎಂದು ಕ್ಷಮೆ ಕೇಳಿಬಿಟ್ಟರು.

ಇಂಥ ಅತ್ತೆ ಒಂದು ಬೆಳಗ್ಗೆ ಹೂವು ತರಲು ಹೋದಾಗ, ಒನ್‌ವೇಯಲ್ಲಿ ಎದುರಿನಿಂದ ಬಂದ ಸ್ಕೂಟರು ಗುದ್ದಿ, ನಿಲ್ಲದೆ ಹೋಯಿತು. ಸೊಂಟದ ಮೂಳೆ ಮುರಿಯಿತು. ಹೇಳಿಕೆ ಬರೆದುಕೊಳ್ಳಲು ಪೊಲೀಸರು ಆಸ್ಪತ್ರೆಗೇ ಬಂದರು.

"ಗಾಡಿ ನೋಡಿದ್ರಾ ಅಮ್ಮ?"

"ನೋಡ್ದೆ. ಹಿಂದಿನ ಸೀಟಲ್ಲಿ ಬೆಳ್ಳಿ ನವಿಲು ಕೂತಿತ್ತು."

ಪೊಲೀಸರ ಪೆನ್ನು ಅಲ್ಲೇ ನಿಂತಿತು. ನಾನು ತಲೆಯ ಮೇಲೆ ಕೈ ಹೊತ್ತೆ. ಕೊನೆಗೆ ಗುರುತು ತಿಳಿಯದ ಸ್ಕೂಟರು ಎಂದಷ್ಟೇ ಬರೆದುಕೊಂಡು ಹೋದರು.

ನಮ್ಮ ಬೀದಿಯ ಲಾಯರಮ್ಮ ಮಾತ್ರ ನಗಲಿಲ್ಲ. "ಎಫ್‌ಐಆರ್ ಆಗಿದೆಯಲ್ಲ, ಸಾಕು. ಆಸ್ಪತ್ರೆ ಕಾಗದ ಜೋಪಾನ. ಆರು ತಿಂಗಳೊಳಗೆ ಕ್ಲೇಮ್ ಹಾಕ್ಬೇಕು. ಗಾಡಿ ಸಿಕ್ರೆ ಇನ್ಶೂರೆನ್ಸ್ ಕಂಪನಿ ಕೊಡುತ್ತೆ" ಎಂದರು.

ಅತ್ತೆ ಒಪ್ಪಬೇಕಲ್ಲ! "ಅದು ಕನಸಾಗಿದ್ರೆ? ಯಾರ ಮೇಲೋ ಸುಳ್ಳು ಕೇಸು ಹಾಕಿದ ಹಾಗಾಗಲ್ವಾ?"

"ಅತ್ತೆ, ಸೊಂಟಕ್ಕೆ ರಾಡ್ ಹಾಕಿದಾರೆ!"

"ಕನಸಲ್ಲೂ ಹಾಕ್ತಾರೆ ಕಣೋ."

ಲಾಯರಮ್ಮನ ಮಾತಿನಂತೆ ಅಂಗಡಿ ಅಂಗಡಿ ಅಲೆದೆ. ಒಂದು ಬೇಕರಿಯ ಕ್ಯಾಮೆರಾದಲ್ಲಿ ಸ್ಕೂಟರು ಸಿಕ್ಕಿತು. ಅದರ ಹಿಂದೆ, ಯಾವುದೋ ಮದುವೆ ಮಂಟಪಕ್ಕೆ ಹೊರಟ ಥರ್ಮಾಕೋಲಿನ ನವಿಲು! ಮೈತುಂಬ ಬೆಳ್ಳಿ ಬಣ್ಣ ಬಳಿದುಕೊಂಡು ಎಳೆಬಿಸಿಲಿನಲ್ಲಿ ತೇಲುತ್ತಾ ಬರುತ್ತಿತ್ತು. ಎಚ್ಚರವಾಗಿದ್ದ ನನಗೇ ಕನಸೆನಿಸಿತು. ನಂಬರೂ ಕಾಣುತ್ತಿತ್ತು.

ಅತ್ತೆ ಹಿಗ್ಗಿಹೋದರು. "ನಿಜಾನಾ ಹಾಗಾದ್ರೆ! ಹಾಕಿ ಕೇಸು."

ವಿಚಾರಣೆಯ ಹೊತ್ತಿಗೆ ಅತ್ತೆ ಕೋಲು ಹಿಡಿದು ನಡೆಯುತ್ತಿದ್ದರು. ಕಂಪನಿಯ ವಕೀಲರು ಎದ್ದರು. "ಈಗ ನಡೀತಿದೀರಲ್ಲ ಅಮ್ಮ, ಇನ್ನೇನು ತೊಂದರೆ?"

ಅತ್ತೆ ಕೋಲನ್ನು ಕಟಕಟೆಗೆ ಒರಗಿಸಿದರು. "ನಡೀತೀನಿ ಸ್ವಾಮಿ. ಮುಂಚೆ ಕನಸಲ್ಲಿ ಓಡ್ತಿದ್ದೆ, ಲಂಗ ಎತ್ತಿ ಕಟ್ಕೊಂಡು. ಈಗ ಅಲ್ಲಿಗೂ ಕೋಲು ಬಂದ್ಬಿಟ್ಟಿದೆ."

ವಕೀಲರು ಕಾಗದಗಳನ್ನು ಸುಮ್ಮನೆ ತಿರುವಿ, ಬೇರೆ ಪ್ರಶ್ನೆಯಿಲ್ಲ ಎಂದು ಕೂತರು.

ತೀರ್ಪು ಅತ್ತೆಯ ಕಡೆಗೇ ಆಯಿತು, ಪರಿಹಾರವೂ ಬಂತು. ಆದರೆ ಆ ಓಟಕ್ಕೆ ಪರಿಹಾರ ಕೊಡುವವರು ಯಾರು? ಅತ್ತೆ ಕನಸು ಹೇಳುವುದನ್ನೇ ಬಿಟ್ಟರು. ಇಷ್ಟು ವರ್ಷ ನಕ್ಕ ನಮಗೆ ಮನೆಯೇ ಬಿಕೋ ಎನ್ನತೊಡಗಿತು.

ಮೊನ್ನೆ ನಾನು ಕೆಲಸದ ಮೇಲೆ ಪರವೂರಿಗೆ ಹೋಗಿದ್ದಾಗ, ಬೆಳಕು ಹರಿಯುವ ಹೊತ್ತಿಗೆ ಅವರ ಫೋನು ಬಂತು. ನಿದ್ದೆ ತುಂಬಿದ ದನಿ.

"ಲೋ, ಪಾರ್ಕಿನ ಕಹಳೆ ಬಂಡೆ ಹತ್ತಿದೀನಿ ಕಣೋ. ಓಡ್ಕೊಂಡೇ ಹತ್ತಿದೆ. ಗಾಳಿ ಏನು ಚೆನ್ನಾಗಿದೆ ಗೊತ್ತಾ ಇಲ್ಲಿ!"

ಹಿಂದೆ ಅವರ ಕೋಣೆಯ ಹಳೆಯ ಫ್ಯಾನು ಕಿರುಗುಟ್ಟುವುದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಇಳೀವಾಗ ಹುಷಾರು ಅತ್ತೆ" ಎಂದೆ.