ಆನೆ ಮಾಡಿದವಳು ನಾನೇ

ನಾನು ತಂತಿಗೆ ಮಣಿ ಪೋಣಿಸಿ ಆನೆ, ಕುದುರೆ, ನವಿಲು, ಆಮೆ ಮಾಡುತ್ತೇನೆ. ನೋಡಿದವರೆಲ್ಲ ಮೊದಲು "ಭಾಳ ಚಂದ ಐತಿ" ಅನ್ನುತ್ತಾರೆ. ಆಮೇಲೆ ನನ್ನೊಬ್ಬಳನ್ನು ಬಿಟ್ಟು ಊರ ತುಂಬ ಅದನ್ನು ಮಾಡಿದವರನ್ನು ಹುಡುಕುತ್ತಾರೆ. ಒಂದು ಸಲ ಆಗಿದ್ದರೆ ಮರೆತುಬಿಡುತ್ತಿದ್ದೆ, ಮೇಲಿಂದ ಮೇಲೆ ಆಗುತ್ತಲೇ ಇದೆ. ನಾನು ಓದಿದ್ದು ಹತ್ತನೆಯ ತನಕ. ಮಾತಾಡುವುದಕ್ಕೆ ಅಷ್ಟು ಸಾಕು. ಕೆಲಸ ನನ್ನದಾದ ಮೇಲೆ ಹೆಸರೂ ನನ್ನದೇ ಆಗಬೇಕು ಎಂದು ಹಟ ಹಿಡಿದಿದ್ದೇನೆ.

ಗೋವಾದ ನವಿಲು

ಬೆಳಗಾವಿಯ ಹಿಂದವಾಡಿಯಲ್ಲಿರುವ ನಮ್ಮ ಮನೆಯಲ್ಲಿ ಟಿವಿ ಪಕ್ಕಕ್ಕೆ ನಾನು ಮಾಡಿದ ನವಿಲು ಇದೆ. ಬಂದವರಿಗೆಲ್ಲ ಅತ್ತೆ "ಗೋವಾದಾಗ ತಗೊಂಡಿದ್ದು" ಎಂದು ಹೇಳುತ್ತಿದ್ದರು.

"ಯಾಕ್ರೀ ಅತ್ತಿ, ಹಂಗ್ಯಾಕ ಹೇಳ್ತೀರಿ?" ಎಂದು ಕೇಳಿದೆ.

"ಸೊಸಿ ಮಾಡ್ಯಾಳ ಅಂದ್ರ, ಹಂಗಾರ ರೊಟ್ಟಿ ಯಾರು ಬಡೀತಾರ ಅಂತ ಕೇಳ್ತಾರ."

ಒಂದು ದಿನ ಪಕ್ಕದ ಮನೆಯ ಕಾಕು ಬಂದು, "ನಾಳೆ ಗೋವಾಕ್ಕ ಹೊಂಟೀವಿ. ಆ ನವಿಲಿನ ಅಂಗಡಿ ಎಲ್ಲಿ ಬರ್ತೈತಿ ಹೇಳ್ರಿ" ಅಂದರು. ಅತ್ತೆ ನನ್ನ ಮುಖ ನೋಡಿದರು. ನಾನು ರೊಟ್ಟಿ ಬಡಿಯುತ್ತಲೇ ದಾರಿ ಹೇಳಿದೆ.

"ಪಣಜಿ ಬಸ್‌ಸ್ಟ್ಯಾಂಡಿನಾಗ ಇಳೀರಿ. ಅಲ್ಲೇ ಬೆಳಗಾವಿ ಬಸ್ ಹತ್ರಿ. ಹಿಂದವಾಡಿಗೆ ಬಂದು ನಮ್ಮ ಕದಾ ಬಡೀರಿ. ಅಂಗಡಿ ತೆರದ ಇರ್ತೈತಿ."

ಕಾರೀಗರ

ಪೇಟೆಯಲ್ಲಿ ಮಣಿ ಮಾರುವ ಚಾಚಾ ಒಳ್ಳೆಯ ಮನುಷ್ಯ. ಆದರೆ ಎಲ್ಲೋ ಒಬ್ಬ ಕಾರೀಗರ ಕುಳಿತು ಈ ಗೊಂಬೆಗಳನ್ನು ಮಾಡುತ್ತಾನೆ, ಈ ಹೆಣ್ಣುಮಗಳು ಅವನಿಗೆ ಸಾಮಾನು ಒಯ್ಯುತ್ತಾಳೆ ಎಂದು ಅವರ ತಲೆಯಲ್ಲಿ ಕುಳಿತುಬಿಟ್ಟಿತ್ತು. ಎಷ್ಟು ಸಲ ಹೇಳಿದರೂ ನಕ್ಕು ತಲೆ ಆಡಿಸುತ್ತಿದ್ದರು. ಒಂದು ಮಧ್ಯಾಹ್ನ ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ಹೋಗಿ ಸಣ್ಣ ತಂತಿ ಕೇಳಿದೆ.

"ಇದು ಭಾಳ ಸಣ್ಣದು ಬೇಟಿ, ಎಳೆದ್ರ ಹರೀತದ. ಕಾರೀಗರಗ ಒಮ್ಮಿ ಫೋನ್ ಹಚ್ಚಿ ಕೇಳ್ರಿ."

"ಕಾರೀಗರ ನಾನ ಚಾಚಾ."

"ಅದು ಖರೇ, ಆದ್ರೂ ಅಂವಗ ಒಂದು ಮಾತು ಕೇಳ್ರಿ."

ಕೂಸು ಕಿರುಚತೊಡಗಿತು. ನನಗೂ ತಲೆ ಕೆಟ್ಟಿತು. "ಫೋನ್ ಬ್ಯಾಡ ಚಾಚಾ, ಕಾರೀಗರ ನಿಮ್ಮ ಮುಂದ ನಿಂತಾನ. ಲಗೂ ಕಟ್ಟಿ ಕೊಡ್ರಿ, ಅಂವ ಕೂಸಿಗೆ ಮೊಲಿ ಕುಡಿಸೂ ಹೊತ್ತಾಗೈತಿ."

ಚಾಚಾ ತಲೆ ಎತ್ತದೆ ತಂತಿ ಕಟ್ಟಿಕೊಟ್ಟರು. ಈಗ ಅಂಗಡಿಯಲ್ಲಿ ಯಾರ ಕೂಸು ಅತ್ತರೂ ಮೊದಲು ನನ್ನ ಸಾಮಾನು ಕಟ್ಟುತ್ತಾರೆ.

ಐದನೆಯ ಕಾಲು

ನಮ್ಮವರದು ಇನ್ನೊಂದು ತರಹ. ಗೆಳೆಯರು ಬಂದರೆ "ನಾವು ಮನ್ಯಾಗ ಮಾಡ್ತೀವಿ" ಅನ್ನುತ್ತಾರೆ. ಒಂದು ಭಾನುವಾರ ಗೆಳೆಯರ ಎದುರಿಗೇ ಅರ್ಧ ಆದ ಆಮೆಯನ್ನು ಅವರ ಕೈಗೆ ಕೊಟ್ಟೆ. "ಉಳಿದ ಕಾಲು ನೀವು ಮುಗಸ್ರಿ, ನಾ ಚಾ ಮಾಡ್ತೀನಿ."

ತಂತಿಯ ಎರಡು ತುದಿಗಳನ್ನು ಒಂದೇ ಮಣಿಯೊಳಗೆ ಎದುರುಬದುರು ತೂರಿಸಿ ಎಳೆಯಬೇಕು. ಒಂದು ತುದಿ ತಪ್ಪಿದರೂ ಆಕಾರ ಎತ್ತಲೋ ಹೋಗುತ್ತದೆ. ಚಹಾ ತಂದು ನೋಡಿದರೆ ಆಮೆಗೆ ಐದು ಕಾಲು.

"ಅದು ಬಾಲ ಲೇ" ಎಂದು ನಮ್ಮವರು ಗೆಳೆಯರಿಗೆ ತಿಳಿಸುತ್ತಿದ್ದರು.

"ಬಾಲ ನಾ ಮೊದಲ ಮಾಡೀನ್ರಿ, ಹಿಂದ ನೋಡ್ರಿ" ಅಂದೆ. "'ನಾವು' ಅಂದ್ರಲ್ಲಾ, ಅದರಾಗ ನಿಮ್ಮ ಪಾಲು ಈ ಐದನೇ ಕಾಲು."

ಖಾನಾಪುರದ ರುಖವತ

ನಮ್ಮ ಕಡೆ ಮದುವೆಯಲ್ಲಿ ರುಖವತ ಇಡುತ್ತಾರೆ. ಮದುಮಗಳು ಕೈಯಾರೆ ಮಾಡಿದ್ದು ಎಂದು ಹೇಳಿ ತಿಂಡಿ, ಕಸೂತಿ, ಗೊಂಬೆಗಳನ್ನು ಮೇಜಿನ ಮೇಲೆ ಜೋಡಿಸಿ ಬೀಗರಿಗೆ ತೋರಿಸುವುದು. ಖಾನಾಪುರದ ಒಂದು ಮದುವೆಗೆ ಹುಡುಗಿಯ ತಾಯಿ ನನ್ನಿಂದ ಜೋಡಿ ಆನೆ ಮಾಡಿಸಿದರು. "ಮದುವಿಗೆ ಬಾರವ್ವಾ, ಆದ್ರ ಅಲ್ಲಿ ಸುಮ್ಮನಿರು" ಅಂದರು.

"ಆನಿ ಮಾಡಿಕೊಡ್ತೀನಿ ಅಂದೀನ್ರಿ, ಸುಮ್ಮನಿರ್ತೀನಿ ಅಂದಿಲ್ಲ" ಅಂದೆ. ಅವರು ಚೇಷ್ಟೆ ಎಂದುಕೊಂಡು ನಕ್ಕರು.

ಮದುವೆಯ ದಿನ ಹುಡುಗನ ಸೋದರತ್ತೆ ಆನೆಗಳನ್ನು ಎತ್ತಿ ಎತ್ತಿ ನೋಡಿದರು. "ಅಗ ಬಾಯಿ! ಹುಡುಗಿ ಕೈ ಅಂದ್ರ ಬಂಗಾರ. ನಮ್ಮ ಮನ್ಯಾಗ ನಾಲ್ಕು ಮಂದಿ ನಾದಿನ್ಯಾರು ಅದಾರ, ದೀಪಾವಳಿಗೆ ಎಲ್ಲಾರಿಗೂ ಒಂದೊಂದು ಜೋಡಿ ಮಾಡಿಕೊಡ್ಲಿ!"

ಮದುಮಗಳ ಮುಖ ಬಾಡಿತು. ಆಕೆಗೆ ಸೂಜಿಗೆ ದಾರ ಹಾಕಲೂ ಬರುವುದಿಲ್ಲ. ತಾಯಿ ನನಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ನಾನು ಸುಮ್ಮನಿದ್ದರೆ ಈ ಹುಡುಗಿ ದೀಪಾವಳಿ ತನಕ ಕದ್ದು ಕದ್ದು ನಮ್ಮ ಮನೆಗೆ ಓಡಾಡಬೇಕು, ನನ್ನ ಆನೆಗಳು ಖಾನಾಪುರದ ತುಂಬ ಬೇರೆಯವರ ಹೆಸರಿನಲ್ಲಿ ನಿಲ್ಲಬೇಕು. ಎದ್ದು ನಿಂತೆ.

"ಅತ್ತಿಯಾರ, ಆ ಆನಿ ನಾ ಮಾಡಿದ್ದು."

ಸೋದರತ್ತೆ ಆನೆಯನ್ನು ಕುಕ್ಕಿ ಇಟ್ಟರು. "ಅಂದ್ರ ಮದುವ್ಯಾಗ ನಮಗ ಸುಳ್ಳು ಹೇಳಿದ್ರಿ?"

ಹುಡುಗಿಯ ತಾಯಿ ಅಳುವುದೊಂದು ಬಾಕಿ. ಬಾಯಿ ತೆರೆದದ್ದು ನಾನು, ಮುಗಿಸಬೇಕಾದದ್ದೂ ನಾನೇ.

"ಹುಡುಗೀಗೆ ನೀವು ಕಳಿಸಿದ ಫೋಟೋ ನಾನೂ ನೋಡೀನ್ರಿ. ಅದರಾಗ ಹುಡುಗಗ ಹಣಿ ಮ್ಯಾಲೆ ಬೀಳೂವಷ್ಟು ಕೂದಲ ಇದ್ವು. ಇವತ್ತ ಪೇಟಾದ ಕೆಳಗ ಒಂದೂ ಕಾಣವಲ್ವು. ಆನಿ ಯಾರು ಮಾಡಿದ್ದು ನಾ ಹೇಳೀನಿ. ಆ ಕೂದಲ ಯಾರು ಮಾಡಿದ್ದು ನೀವು ಹೇಳ್ರಿ."

ಮದುಮಗ ನಿಧಾನವಾಗಿ ಪೇಟಾ ತೆಗೆದು ಬೋಳು ತಲೆಯ ಬೆವರು ಒರೆಸಿಕೊಂಡ.

"ಸ್ಟುಡಿಯೋದಾಂವ ಮಾಡ್ಯಾನ್ರೀ ಅಕ್ಕಾರ. ಮದುವಿಗೆ ಅಂವನ್ನೂ ಕರದಿದ್ವಿ. ಪುಣ್ಯಾತ್ಮ, ಬಂದು ಉಂಡು ಸುಮ್ಮನ ಹೋದ."