ಬ್ರೇಕ್ ಮೇಷ್ಟ್ರ ಜೋಡಿ ಕಾಳಗ

ಬ್ರೇಕ್ ಮೇಷ್ಟ್ರ ಬಲಗಾಲು ಅವರ ಮಾತು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ತಪ್ಪು ಕಾಲಿನದಲ್ಲ, ಕಸುಬಿನದು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲ ಬಳಿ ಒಂದು ಬ್ರೇಕ್ ಇದ್ದರೆ, ಪಕ್ಕದಲ್ಲಿ ಕೂತು ಕಲಿಸುವವರ ಕಾಲ ಬಳಿ ಇನ್ನೊಂದು ಇರುತ್ತದೆ. ಆ ಇನ್ನೊಂದರ ಮೇಲೆ ಕಾಲಿಟ್ಟುಕೊಂಡೇ ಮೇಷ್ಟ್ರು ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ಹಾಗಾಗಿ ಎಲ್ಲಿ, ಯಾರು ಕೊಂಚ ಜೋರಾಗಿ ಹೊರಟರೂ ಅವರ ಕಾಲು ನೆಲ ತುಳಿಯುತ್ತಿತ್ತು. ಹೆಂಡತಿ ತುಂಬಿದ ಕೊಡ ಎತ್ತಿಕೊಂಡು ಬಂದರೆ ಒಂದು ತುಳಿತ. ಮಗಳು ಫೋನಿನಲ್ಲಿ ದನಿ ಏರಿಸಿದರೆ ಇನ್ನೊಂದು. ಟೀವಿಯಲ್ಲಿ ನಾಯಕ ನಾಯಕಿಯ ಕಡೆಗೆ ಓಡಿದರಂತೂ ತುಳಿದ ಕಾಲು ಎತ್ತುತ್ತಲೇ ಇರಲಿಲ್ಲ. (ಕೆಳಗಿನ ಮನೆಯವರು ಒಮ್ಮೆ ಮೇಲೆ ಬಂದು, "ಮೇಷ್ಟ್ರೇ, ಏನೋ ಕುಟ್ತಾ ಇದ್ದೀರಲ್ಲ, ಮುಗೀತಾ?" ಎಂದು ವಿಚಾರಿಸಿಕೊಂಡು ಹೋಗಿದ್ದರು.)

ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗೆ ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಸಿದ ಮೇಷ್ಟ್ರ ಹೆಂಡತಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಕಲಿಸಲು ಹೊರಟದ್ದೇನೋ ನಿಜ. ಕಾರು ಗೇಟು ದಾಟುವ ಮೊದಲೇ ಅವರು ಬ್ರೇಕ್ ಒತ್ತಿದ ರಭಸಕ್ಕೆ ಹೊಸ ಹೆಂಡತಿಯ ಹಣೆ ಮೂರು ಸಲ ಸ್ಟೀರಿಂಗಿಗೆ ನಮಸ್ಕಾರ ಮಾಡಿತು. ಆಕೆ ಕೆಳಗಿಳಿದು ಕೀಯನ್ನು ಬಾನೆಟ್ಟಿನ ಮೇಲಿಟ್ಟು, "ನಿಮ್ಮ ಕಾರು, ನಿಮ್ಮ ರಸ್ತೆ, ನಿಮ್ಮ ಕಾಲು. ನೀವೇ ಓಡಿಸ್ಕೊಳ್ಳಿ" ಎಂದು ಒಳಗೆ ಹೋದಳು. ಅಂದಿನಿಂದ ಆಕೆ ಕೆಲಸಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದಳು, ಅದೂ ನಿಂತುಕೊಂಡು.

ಆಕೆಯ ಕೆಲಸ ಹಲ್ಲಿನ ಡಾಕ್ಟರ ಬಳಿ. ಡಾಕ್ಟರು ರೋಗಿಯ ಬಾಯಿಂದ ಕಣ್ಣು ತೆಗೆಯದೆ ಸುಮ್ಮನೆ ಕೈ ಚಾಚಿದರೆ ಸಾಕು, ಬೇಕಾದ ಉಪಕರಣ ಆ ಕೈಗೆ ಬಂದಿರುತ್ತಿತ್ತು. ಒಂದು ಕ್ಷಣ ಮೊದಲೂ ಅಲ್ಲ, ಒಂದು ಕ್ಷಣ ತಡವೂ ಅಲ್ಲ. ಅಲ್ಲಿ ಡಾಕ್ಟರ ಬಲಗೈ ಆಗಿದ್ದ ಹೆಂಗಸು ಇಲ್ಲಿ ಮೇಷ್ಟ್ರ ಬಲಗಾಲಿಗೆ ಹೆದರಿ ಬಾಳಬೇಕಾಗಿತ್ತು.

ಹೀಗಿರುವಾಗ ರಸ್ತೆಯ ಆಚೆ ಬದಿಗೆ, ಮೇಷ್ಟ್ರ ಬೋರ್ಡಿಗೆ ಸರಿಯಾಗಿ ಎದುರು, ಇನ್ನೊಂದು ಡ್ರೈವಿಂಗ್ ಸ್ಕೂಲು ಬಂತು. ನಡೆಸುವವರು ಗಂಡ ಹೆಂಡತಿ. ಹೆಂಡತಿ ಕಾರು ಕಲಿಸುವವರು, ಎಲ್ಲರ ಬಾಯಲ್ಲೂ 'ಮೇಡಂ'. ಗಂಡ ಲಾರಿ ಕಲಿಸುವವರು, ಆಳೂ ಲಾರಿಯ ಅಳತೆಯವರೇ. ಮೇಷ್ಟ್ರ ಬಳಿ ಬರುತ್ತಿದ್ದ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದರು. (ಎಡಕ್ಕೂ ಬಲಕ್ಕೂ ನೋಡಿ ರಸ್ತೆ ದಾಟುವುದನ್ನು ಅವರಿಗೆ ಕಲಿಸಿದವರು ಮೇಷ್ಟ್ರೇ.)

ಗಾಯದ ಮೇಲೆ ಬರೆ ಎಳೆದಂತೆ, ಆ ಸ್ಕೂಲಿಗೆ ವರ್ಷ ತುಂಬುವ ಹೊತ್ತಿಗೆ ಬಸ್ ನಿಲ್ದಾಣದ ಪಕ್ಕದ ವೀಡಿಯೋ ಗೇಮ್ ಹಾಲಿನವರು ಒಂದು ಪಂದ್ಯ ಸಾರಿದರು. ಪಂದ್ಯದ ಹೆಸರು ಜೋಡಿ ಕಾಳಗ. ಒಂದೇ ಮನೆಯ ಇಬ್ಬರು ಸೇರಿ ಆಡಬೇಕು. ಗೆದ್ದವರ ಅಂಗಡಿಯ ಜಾಹೀರಾತು ಹಾಲಿನ ದೊಡ್ಡ ಪರದೆಯ ಮೇಲೆ ವರ್ಷ ಪೂರ್ತಿ ಪುಕ್ಕಟೆ. ಲೈಸೆನ್ಸಿನ ವಯಸ್ಸಿಗೆ ಕಾಲಿಡುವವರೆಲ್ಲ ಕಣ್ಣು ಕೀಲಿಸಿ ಕೂರುವ ಪರದೆ ಅದು. ಎದುರಿನ ದಂಪತಿ ಮೊದಲ ದಿನವೇ ಹೆಸರು ಕೊಟ್ಟರು ಎಂಬ ಸುದ್ದಿ ಬಂದಾಗ ಮೇಷ್ಟ್ರು ಕೂತಲ್ಲೇ ನೆಲ ತುಳಿದರು.

"ಏನೇ, ನನ್ನ ಜೊತೆ ಜೋಡಿಯಾಗಿ ಆಡ್ತೀಯಾ?" ಎಂದು ಹೆಂಡತಿಯನ್ನು ಕೇಳಿದರು.

"ಇದನ್ನ ಮದುವೆಗೆ ಮುಂಚೆ ಕೇಳಿದ್ರೆ ಯೋಚನೆ ಮಾಡಿ ಹೇಳ್ತಿದ್ದೆ."

"ತಮಾಷೆ ಅಲ್ವೇ. ವರ್ಷವಿಡೀ ಅವರ ಮುಖ ಆ ಪರದೆ ಮೇಲೆ ಬಂದ್ರೆ ನಾನು ಸ್ಕೂಲಿಗೆ ಬೀಗ ಜಡೀಬೇಕಾಗುತ್ತೆ."

ಹೆಂಡತಿ ಒಗೆದ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು. "ಆಡ್ತೀನಿ. ಆದ್ರೆ ಗೆದ್ರೆ ಕಾರಿನ ಕೀ ನನ್ನ ಕೈಗೆ. ನಾನು ಓಡಿಸ್ತೀನಿ. ನೀವು ಪಕ್ಕದಲ್ಲಿ ಕೂತಿರ್ತೀರಿ, ಬ್ರೇಕ್ ಮುಟ್ಟೋ ಹಾಗಿಲ್ಲ."

"ಬರದೇ ಇದ್ದದ್ದನ್ನ ಹೇಗೆ ಓಡಿಸ್ತೀಯಾ?"

"ಅದು ನನ್ನ ತಲೆನೋವು. ಒಪ್ಪಿದ್ರೋ ಇಲ್ವೋ, ಅಷ್ಟು ಹೇಳಿ."

ಮೇಷ್ಟ್ರು ಒಪ್ಪಿದರು. ಗೆಲ್ಲುವುದು ಆಮೇಲಿನ ಮಾತು, ಕೀ ಅದಕ್ಕಿಂತ ಆಮೇಲಿನ ಮಾತು ಎಂದು ಅವರ ಲೆಕ್ಕಾಚಾರ.

ಯುದ್ಧವಿದ್ಯೆಯ ಗುರು ಮಗಳು. ಕಾಲೇಜಿನ ಪುಸ್ತಕ ಪಕ್ಕಕ್ಕಿಟ್ಟು ಅಪ್ಪ ಅಮ್ಮನ ಕೈಗೆ ಒಂದೊಂದು ಕಂಟ್ರೋಲರ್ ಕೊಟ್ಟು ಟೀವಿಯ ಮುಂದೆ ಕೂರಿಸಿದಳು. "ಅಪ್ಪಾ, ಒಬ್ರು ಅಖಾಡದೊಳಗೆ ಹೊಡೆದಾಡ್ತಾರೆ, ಇನ್ನೊಬ್ರು ಹೊರಗೆ ನಿಂತು ಸುಧಾರಿಸ್ಕೋತಾರೆ. ಈ ಕೆಂಪು ಗುಂಡಿ ಒತ್ತಿದ್ರೆ ಒಳಗಿದ್ದವರು ಹೊರಗೆ, ಹೊರಗಿದ್ದವರು ಒಳಗೆ. ಇಬ್ಬರಲ್ಲಿ ಯಾರು ಬೇಕಾದ್ರೂ ಒತ್ತಬಹುದು. ಆದ್ರೆ ಒಂದು ನೆನಪಿಟ್ಕೊಳ್ಳಿ, ಒಬ್ರು ಬಿದ್ರೂ ಇಬ್ಬರೂ ಸೋತ ಹಾಗೆ."

"ಥೇಟ್ ಸಂಸಾರ" ಎಂದಳು ತಾಯಿ.

ಮೇಷ್ಟ್ರಿಗೆ ಮಾತ್ರ ಕೇಳಿಸಿದ್ದು, 'ಯಾರು ಬೇಕಾದರೂ ಒತ್ತಬಹುದು' ಎಂಬಷ್ಟೇ. ಅಂದರೆ ಇಲ್ಲೂ ತಮ್ಮ ಕೈಗೊಂದು ಎರಡನೇ ಬ್ರೇಕ್ ಇದೆ ಎಂದು ಅವರ ಜೀವ ತಣ್ಣಗಾಯಿತು.

ಪರದೆಯ ಮೇಲೆ ತಮ್ಮ ಪರವಾಗಿ ಹೊಡೆದಾಡಲು ಮೇಷ್ಟ್ರು ಗೂಳಿ ಕತ್ತಿನ ಪೈಲ್ವಾನನನ್ನು ಆರಿಸಿಕೊಂಡರು. ಹೆಂಡತಿ ಕೊಡೆ ಹಿಡಿದ ಒಂದು ಸಣಕಲು ಮುದುಕಿಯನ್ನು. "ಅಷ್ಟೊಂದು ಜನ ಗಟ್ಟಿಮುಟ್ಟಾಗಿರೋರು ಇರುವಾಗ ಈ ಅಜ್ಜಿ ಯಾಕೆ?" ಎಂದು ಮೇಷ್ಟ್ರು ಗೊಣಗಿದರು. ಅಜ್ಜಿಯ ಕೊಡೆಯ ತುದಿ ಎಲ್ಲಿಗೆ ಬೇಕೋ ಅಲ್ಲಿಗೇ, ಹುಳುಕು ಹಲ್ಲಿಗೆ ಸೂಜಿ ಚುಚ್ಚಿದ ಹಾಗೆ ಹೋಗಿ ನಾಟುತ್ತಿತ್ತು. ಆದರೆ ನಾಟುವುದಕ್ಕೆ ಅವಕಾಶವೆಲ್ಲಿ? ಮುದುಕಿ ಅಖಾಡಕ್ಕೆ ಇಳಿದು ಒಂದು ಹೆಜ್ಜೆ ಇಡುವಷ್ಟರಲ್ಲಿ ಮೇಷ್ಟ್ರ ಬಲಗಾಲು ದಬಕ್ಕನೆ ನೆಲ ತುಳಿಯುವುದು, ಅದರ ಹಿಂದೆಯೇ ಹೆಬ್ಬೆರಳು ಕೆಂಪು ಗುಂಡಿ ಒತ್ತುವುದು. ಮುದುಕಿ ಹೊರಗೆ, ಪೈಲ್ವಾನ ಒಳಗೆ. ಒಳಗೆ ಬಂದ ಪೈಲ್ವಾನ ಸುಸ್ತಾಗಿ ತೂರಾಡಿದರೂ ಹೆಂಡತಿಯನ್ನು ಕರೆಯಲೊಲ್ಲ.

"ರೀ, ನಾನು ಹೊಡೀತಾ ಇದ್ದೆ!"

"ಹೊಡೆಸಿಕೊಳ್ಳೋಳಿದ್ದೆ. ನಾನು ನೋಡಿದೆ."

"ನನ್ನ ಮುಂದೆ ಏನಿದೆ ಅಂತ ನಂಗೆ ಕಾಣಲ್ವಾ?"

"ಎಲ್ಲರೂ ಹಾಗೇ ಹೇಳ್ತಾರೆ, ಚರಂಡಿಗೆ ಇಳಿಸೋ ತನಕ."

ಮಗಳು ತಲೆ ಚಚ್ಚಿಕೊಂಡಳು. "ಅಪ್ಪಾ, ಮೊದಲು ನಿಮ್ಮ ಕಾಲು ಒತ್ತುತ್ತೆ, ಆಮೇಲೆ ಬೆರಳು. ಬೆರಳಿಗೆ ಬೈದು ಪ್ರಯೋಜನ ಇಲ್ಲ" ಎಂದಳು. ಮೇಷ್ಟ್ರು ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಗುಂಡಿಯೇ ಸಡಿಲವಾಗಿದೆ ಎಂದು ವಾದಿಸಿದರು.

ಪಂದ್ಯದ ದಿನ ಸ್ಕೂಲಿನ ಕಾರಿನಲ್ಲೇ ಹೋದರು. ಓಡಿಸಿದವರು ಮೇಷ್ಟ್ರು. ಹಾಲಿನ ತುಂಬ ಜನ, ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು. ಎದುರಿನ ಮೇಡಂ ಇವರನ್ನು ಕಂಡವರೇ ಬಂದು ಹೆಂಡತಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದರು, ಇಬ್ಬರೂ ನಕ್ಕರು.

"ಶತ್ರು ಪಾಳೆಯದವರ ಜೊತೆ ಏನೇ ಗುಸುಗುಸು?"

"ಅವರಿಗೆ ಹಲ್ಲು ನೋವಂತೆ."

ಹಲ್ಲು ನೋಯುವವರು ಅಷ್ಟು ಅಗಲವಾಗಿ ನಗುತ್ತಾರೆಯೇ ಎಂಬ ಪ್ರಶ್ನೆ ಮೇಷ್ಟ್ರಿಗೆ ಹೊಳೆಯಲಿಲ್ಲ.

ಮೊದಲ ಸುತ್ತಿನಲ್ಲಿ ಎದುರಾದ ಅಣ್ಣ ತಂಗಿ ಒಬ್ಬರ ಮೇಲೊಬ್ಬರು ಮುನಿಸಿಕೊಂಡು ಅರ್ಧಕ್ಕೇ ಎದ್ದುಹೋದರು. ಎರಡನೇ ಸುತ್ತಿನ ಮಾವ ಅಳಿಯ 'ನೀವು ಮೊದಲು', 'ಇಲ್ಲ, ನೀವು ಮೊದಲು' ಎಂಬ ಉಪಚಾರದಲ್ಲೇ ಸೋತರು. ಹೀಗೆ ಅದೃಷ್ಟ ಅಟ್ಟಿಸಿಕೊಂಡು ಬಂದು ಮೇಷ್ಟ್ರನ್ನು ಕೊನೆಯ ಹಣಾಹಣಿಗೆ ತಂದು ನಿಲ್ಲಿಸಿತು. ಎದುರಿಗೆ ಮೇಡಂ ಮತ್ತು ಲಾರಿ ಯಜಮಾನರು. ಮೂರು ಆಟದಲ್ಲಿ ಎರಡು ಗೆದ್ದವರೇ ಜಯಶಾಲಿಗಳು.

ಮೊದಲ ಆಟ ಮುಗಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೇಷ್ಟ್ರು ಮುದುಕಿಯನ್ನು ಎಳೆದೆಳೆದು ಹೊರಗೆ ಹಾಕಿದರು, ಪೈಲ್ವಾನ ಒಂಟಿಯಾಗಿ ಬಡಿಸಿಕೊಂಡು ಮಣ್ಣು ಮುಕ್ಕಿದ. ಹಿಂದೆ ಕೂತವರು ಗೊಳ್ಳೆಂದರು. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಮೇಷ್ಟ್ರು ತಿರುಗಿ ಬೈದು ಹಗುರಾಗುತ್ತಿದ್ದರು. ಆಕೆ ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು, ಅಂದು ಕೀಯನ್ನು ಬಾನೆಟ್ಟಿನ ಮೇಲಿಟ್ಟಾಗ ಇದ್ದ ಮುಖವೇ. ಆ ಮುಖ ಕಂಡು ಮೇಷ್ಟ್ರಿಗೆ ನಿಜಕ್ಕೂ ಸಂಕಟವಾಯಿತು. ಇಷ್ಟು ವರ್ಷ ಆಕೆ ಬಸ್ಸಿನಲ್ಲಿ ನಿಂತು ಹೋದದ್ದು ಡ್ರೈವಿಂಗ್ ಇಷ್ಟವಿಲ್ಲದೆ ಅಲ್ಲ ಎಂದು ಅವರಿಗೆ ಅದೇ ಮೊದಲ ಸಲ ಅನ್ನಿಸಿತು.

"ನಾನೇನು ಮಾಡ್ಲೇ?" ಎಂದರು ಸಣ್ಣ ದನಿಯಲ್ಲಿ. "ಕಾಲು ಕೇಳ್ತಾ ಇಲ್ಲ."

ಹೆಂಡತಿ ಅವರನ್ನು ನೋಡಿದಳು. ಕೈ ಚಾಚಿದ ಡಾಕ್ಟರಿಗೆ ಏನು ಬೇಕು ಎಂದು ತಿಳಿದವಳಿಗೆ ಗಂಡನಿಗೆ ಏನು ಬೇಕು ಎಂದು ತಿಳಿಯದೇ? "ಚಪ್ಪಲಿ ಬಿಚ್ಚಿ" ಎಂದಳು. "ಎರಡೂ ಕಾಲು ಕುರ್ಚಿ ಮೇಲೆ ಮಡಚಿಕೊಳ್ಳಿ. ಚಕ್ಕಳಮಕ್ಕಳ."

"ಇಷ್ಟು ಜನದ ಮುಂದೆಯಾ?"

"ಈಗಷ್ಟೇ ಇಷ್ಟು ಜನದ ಮುಂದೆ ಸೋತ್ರಲ್ಲ."

ಮೇಷ್ಟ್ರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಧ್ಯಾನಸ್ಥ ಮುನಿಯಂತೆ ಚಕ್ಕಳಮಕ್ಕಳ ಹಾಕಿ ಕೂತರು. ಹಾಲೆಲ್ಲ ಕಿಸಕ್ಕೆಂದಿತು. ಎರಡನೇ ಆಟ ಶುರುವಾಯಿತು. ಮುದುಕಿ ಒಳಗೆ ನುಗ್ಗಿದಳು. ಮೇಷ್ಟ್ರ ಬಲಗಾಲು ಒದ್ದಾಡಿತು, ಎಡತೊಡೆಯ ಕೆಳಗೆ ಸಿಕ್ಕಿಬಿದ್ದಿದ್ದರಿಂದ ಎಲ್ಲಿಗೂ ಹೋಗಲಾಗಲಿಲ್ಲ. ಕಾಲು ಹೋಗದ್ದರಿಂದ ಬೆರಳೂ ಹೋಗಲಿಲ್ಲ. ಪೈಲ್ವಾನ ಜನ್ಮದಲ್ಲಿ ಮೊದಲ ಬಾರಿಗೆ ಹೊರಗೆ ನಿಂತು ದಣಿವಾರಿಸಿಕೊಂಡ. ಕೊಡೆಯ ತುದಿ ತನ್ನ ಕೆಲಸ ಮಾಡಿತು. ಎರಡನೇ ಆಟ ಇವರದಾಯಿತು.

ಮೂರನೆಯದರಲ್ಲಿ ಮೇಷ್ಟ್ರೇ ಮೊದಲು ಇಳಿದರು. ಹೊಡೆದರು, ಹೊಡೆಸಿಕೊಂಡರು. ಪೈಲ್ವಾನನ ಉಸಿರು ತೆಳುವಾಗುತ್ತ ಬಂತು. ಎಂದೂ ಹಟ ಹಿಡಿದು ಒಳಗೇ ಉಳಿಯುತ್ತಿದ್ದವರು ಈ ಸಲ, "ಬಾರೇ, ನನ್ನ ಕೈಲಾಗ್ತಿಲ್ಲ" ಎಂದು ಗುಂಡಿ ಒತ್ತಿ ಹೆಂಡತಿಯನ್ನು ಕರೆದರು. ಗುಂಡಿ ಒತ್ತುವ ಮೊದಲೇ ಆಕೆ ಸಿದ್ಧಳಾಗಿದ್ದಳು. ಮುದುಕಿ ಬಂದ ಬಿರುಸಿಗೆ ಪರದೆಯ ಮೇಲೆ ಮೇಡಂ ಎರಡು ಹೆಜ್ಜೆ ಹಿಂದೆ ಸರಿದರೂ ಬೇಗ ಚೇತರಿಸಿಕೊಂಡರು. ಈಗ ಎರಡೂ ಕಡೆ ಒಂದೊಂದು ಏಟಿನಷ್ಟೇ ಪ್ರಾಣ ಉಳಿದಿತ್ತು. ಮೇಷ್ಟ್ರ ಕಾಲು ಬುಸುಗುಟ್ಟಿತು. ಅವರು ಎಡಗೈಯಲ್ಲಿ ತಮ್ಮ ಕಾಲಿನ ಹೆಬ್ಬೆರಳನ್ನೇ ಬಿಗಿಯಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿ, "ನಿನ್ನ ಮುಂದೆ ಏನಿದೆಯೋ ನಿಂಗೇ ಕಾಣುತ್ತೆ, ನಿಂಗೇ ಕಾಣುತ್ತೆ" ಎಂದು ಜಪಿಸಿದರು.

ಅತ್ತ ಮೇಡಂ ಕೊನೆಯ ಏಟಿಗೆ ಕೈ ಎತ್ತಿದ್ದರು. ಅಷ್ಟರಲ್ಲಿ 'ದಬಕ್' ಎಂಬ ಸದ್ದು ಕೇಳಿತು. ಮೇಷ್ಟ್ರು ಬೆಚ್ಚಿ ತಮ್ಮ ಕಾಲು ನೋಡಿಕೊಂಡರು, ಅದು ಮಡಚಿಕೊಂಡೇ ಇತ್ತು. ತುಳಿದದ್ದು ಲಾರಿ ಯಜಮಾನರ ಬಲಗಾಲು. ಅದರ ಹಿಂದೆಯೇ ಅವರ ಹೆಬ್ಬೆರಳು ಗುಂಡಿ ಒತ್ತಿತ್ತು. ಮೇಡಂ ಹೊರಗೆ ಬಿದ್ದರು, ಯಜಮಾನರು ನೇರವಾಗಿ ಬಂದು ಕೊಡೆಯ ತುದಿಗೆ ಎದೆ ಕೊಟ್ಟರು.

"ರೀ, ನಾನು ಹೊಡೀತಾ ಇದ್ದೆ!" ಎಂದು ಮೇಡಂ ಕೂಗಿದ್ದು ಹಾಲಿನ ಚಪ್ಪಾಳೆಯಲ್ಲಿ ಮುಳುಗಿಹೋಯಿತು.

ಮೇಷ್ಟ್ರು ಜೇಬಿನಿಂದ ಕೀ ತೆಗೆದು ಎಲ್ಲರೆದುರಿಗೇ ಹೆಂಡತಿಯ ಅಂಗೈಯಲ್ಲಿಟ್ಟರು.

ಹೊರಗೆ ಕಾರು ಒಂದು ಗೋಡೆಗೂ ಒಂದು ಲಾರಿಗೂ ನಡುವೆ ಸಿಕ್ಕಿಕೊಂಡಿತ್ತು. ಮೇಷ್ಟ್ರು ಚಪ್ಪಲಿ ಬಿಚ್ಚಿ ಪಕ್ಕದ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಮನೆದೇವರನ್ನು ನೆನೆದರು. ಹೆಂಡತಿ ಕನ್ನಡಿ ಸರಿಮಾಡಿಕೊಂಡು, ಹಿಂದೆ ನೋಡಿ, ಒಂದೇ ಸಲಕ್ಕೆ ಕಾರನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಗೆ ತಂದಳು. ನೋಡುತ್ತ ನಿಂತವರು ಶಿಳ್ಳೆ ಹೊಡೆದರು. ಮೇಷ್ಟ್ರ ಎದೆ ಉಬ್ಬಿತು. ಪಕ್ಕದಲ್ಲಿ ಕೂತು ನನ್ನನ್ನು ನೋಡಿ ನೋಡಿಯೇ ಕಲಿತಿದ್ದಾಳೆ! "ನಿಲ್ಸು, ನಿಲ್ಸು" ಎಂದು ಬರಿಗಾಲಲ್ಲೇ ಒಳಗೋಡಿ ಹಾಲಿನವರಿಗೆ ಜಾಹೀರಾತು ಹೇಳಿ ಬರೆಸಿದರು. ಸ್ಟೀರಿಂಗ್ ಹಿಡಿದ ಹೆಂಡತಿಯ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ, 'ಈಕೆಗೆ ಕಲಿಸಿದವರ ಬಳಿಯೇ ನೀವೂ ಕಲಿಯಿರಿ!' "ಒಮ್ಮೆ ಹಾಕಿದ್ರೆ ವರ್ಷ ಪೂರ್ತಿ ಬದಲಾಯಿಸೋಕಾಗಲ್ಲ ಸಾರ್" ಎಂದರು ಹಾಲಿನವರು. "ಬದಲಾಯಿಸೋ ಮಾತೇ ಇಲ್ಲ" ಎಂದರು ಮೇಷ್ಟ್ರು.

ದೊಡ್ಡ ರಸ್ತೆಗೆ ಬಂದ ಮೇಲೆ ಅವರು ಹೆಮ್ಮೆಯಿಂದ ಜಾಹೀರಾತಿನ ವಿಷಯ ತಿಳಿಸಿದರು. ಕಾರು ಮೊದಲ ಬಾರಿಗೆ ಕೊಂಚ ಮುಗ್ಗರಿಸಿತು.

"ಅಯ್ಯೋ ರೀ" ಎಂದಳು ಹೆಂಡತಿ. "ನಂಗೆ ಕಲಿಸಿದ್ದು ಎದುರಿನ ಮೇಡಂ. ಲೈಸೆನ್ಸ್ ಬಂದು ಆರು ತಿಂಗಳಾಯ್ತು, ಪರ್ಸಲ್ಲೇ ಇದೆ."

ಮೇಷ್ಟ್ರು ಆಕೆಯ ಪರ್ಸು ತೆರೆದು ಲೈಸೆನ್ಸನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಸಿಗ್ನಲ್ ದಾಟಿದ ಮೇಲೆ, "ಮತ್ತೆ ಈ ಪಂದ್ಯ, ಕೀ, ಅದೆಲ್ಲ ಯಾಕೆ?" ಎಂದು ಕೇಳಿದರು.

"ಓಡಿಸೋದು ಯಾರ ಹತ್ರ ಬೇಕಾದ್ರೂ ಕಲೀಬಹುದು. ಕೀ ಮಾತ್ರ ನಿಮ್ಮ ಕೈಯಿಂದಲೇ ಬರಬೇಕಿತ್ತು."

ಮೇಷ್ಟ್ರು ಮಡಚಿದ ಕಾಲನ್ನು ಇನ್ನಷ್ಟು ಒಳಗೆ ಎಳೆದುಕೊಂಡು ಮನೆ ಬರುವವರೆಗೂ ರಸ್ತೆಯನ್ನೇ ನೋಡುತ್ತ ಕೂತರು. ಆಕೆ ಚೆನ್ನಾಗಿ ಓಡಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ಸ್ಕೂಲಿನ ಬಾಗಿಲು ತೆರೆಯುತ್ತಲೇ ಹುಡುಗಿಯರ ಒಂದು ಗುಂಪು ಬಂತು. "ಪರದೆ ಮೇಲಿನ ಆಂಟಿಗೆ ಕಲಿಸಿದವರು ನೀವೇ ಅಲ್ವಾ ಸಾರ್?" ಮೇಷ್ಟ್ರ ನಾಲಿಗೆ 'ಹೌದು' ಎನ್ನಲು ಹೊರಟಿತು. ಈ ಸಲ ಮಾತ್ರ ಬ್ರೇಕ್ ಸರಿಯಾದ ಜಾಗಕ್ಕೆ ಬಿತ್ತು. ಅವರು ನಿಟ್ಟುಸಿರಿಟ್ಟು ಎದುರು ಬದಿಗೆ ಬೆರಳು ತೋರಿಸಿದರು.

ಆದರೆ ಎದುರು ಬದಿಯಿಂದ ಮೇಡಂ ತಾವೇ ರಸ್ತೆ ದಾಟಿ ಬರುತ್ತಿದ್ದರು. ಹಿಂದೆ ತಲೆ ತಗ್ಗಿಸಿಕೊಂಡು ಲಾರಿ ಯಜಮಾನರು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. "ಸಾರ್, ಈ ಮಕ್ಕಳಿಗೆ ಕಲಿಸೋಕೆ ನಾನೊಬ್ಬಳೇ ಸಾಕಾಗಲ್ಲ. ಅರ್ಧ ನೀವು ಇಟ್ಕೊಳ್ಳಿ" ಎಂದರು ಮೇಡಂ. "ಆದ್ರೆ ಅದಕ್ಕೆ ಮೊದಲು ನಮ್ಮ ಯಜಮಾನರಿಗೆ ಆ ಚಕ್ಕಳಮಕ್ಕಳ ಕಲಿಸಿಕೊಡಿ. ಮುಂದಿನ ವರ್ಷ ನಾವು ಗೆಲ್ಲಲೇಬೇಕು."

ಮೇಷ್ಟ್ರ ಮುಖ ಅರಳಿತು. ಕುರ್ಚಿಯಿಂದ ಎದ್ದು ನಿಂತು, ಹಳೆಯ ಗತ್ತಿನಲ್ಲಿ, "ಇದು ನೋಡಿದಷ್ಟು ಸುಲಭದ ವಿದ್ಯೆ ಅಲ್ಲ. ಕಾಲಿನ ಮೇಲೆ ಪೂರ್ತಿ ಹಿಡಿತ ಬೇಕು. ಮೊದಲು ಚಪ್ಪಲಿ ಬಿಡಿ" ಎಂದರು.

ಅಷ್ಟರಲ್ಲಿ ಹೊರಗೆ ಕಾರು ಸ್ಟಾರ್ಟ್ ಆದ ಸದ್ದಾಯಿತು. ಹೆಂಡತಿ ಹಲ್ಲಿನ ಆಸ್ಪತ್ರೆಗೆ ಹೊರಟಿದ್ದಳು. ಕಿಟಕಿಯಿಂದ ಒಮ್ಮೆ ಕೈ ಬೀಸಿ, ಒಳ್ಳೇ ವೇಗದಲ್ಲೇ ತಿರುವು ತೆಗೆದುಕೊಂಡಳು.

ಒಳಗೆ ಇಬ್ಬರು ಗಂಡಸರ ಬಲಗಾಲುಗಳೂ ಒಟ್ಟಿಗೇ ನೆಲ ತುಳಿದವು.