ಕೈಮಡದ ಟಿಕ್ ಟಿಕ್

ವಿಜ್ಞಾನ ಓದಿದವರು ಮನೆಅಳಿಯರಾಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆಗಲೇಬೇಕಿದ್ದರೆ ಕಾಲೇಜಿನ ಗೆಳೆಯರನ್ನಾದರೂ ಮನೆಗೆ ಕರೆಯಬಾರದು. ನಾನು ಎರಡನ್ನೂ ಮಾಡಿದೆ. ಕೊಡಗಿನ ಮೂರ್ನಾಡಿನ ಹತ್ತಿರ ಗಂಡುಮಕ್ಕಳಿಲ್ಲದ ಮನೆಗೆ ಅಳಿಯನಾಗಿ ಬಂದು, ಶಾಲೆಯಲ್ಲಿ ವಿಜ್ಞಾನದ ಪಾಠ ಹೇಳಿಕೊಂಡಿದ್ದೆ. ಊಟ, ಹಾಸಿಗೆ, ಮರ್ಯಾದೆ ಯಾವುದಕ್ಕೂ ಕಡಿಮೆಯಿರಲಿಲ್ಲ. ಕೊರಗು ಒಂದೇ. ಮನೆಯ ಪಕ್ಕದ ಕೈಮಡವೆಂಬ ಪುಟ್ಟ ಗುಡಿಯಲ್ಲಿ ವರ್ಷಕ್ಕೊಮ್ಮೆ ತೀರಿಹೋದ ಹಿರಿಯರಿಗೆ, ಅಂದರೆ ಕಾರೋಣರಿಗೆ, ಕೋಳಿಸಾರು, ಸಾರಾಯಿ ಎಡೆಯಿಡುತ್ತಾರೆ. ಸಾರಾಯಿ ಮುಟ್ಟದ ನನ್ನನ್ನು ಮಾವ ಹತ್ತಿರ ಕರೆಯುತ್ತಿರಲಿಲ್ಲ. ಮನೆಯವರೆಲ್ಲ ಎಡೆಯಿಡುವಾಗ ನಾನು ದೂರದಲ್ಲಿ ನಿಂತು ಅವರ ಚಪ್ಪಲಿ ಕಾಯುತ್ತಿದ್ದೆ. ಬೇಸರವಾಗುತ್ತಿತ್ತು.

ಎರಡನೆಯ ಮಹಾಯುದ್ಧ ಮುಗಿದ ಹೊಸತು. ಮಡಿಕೇರಿಯಲ್ಲಿ ಇನ್ನೂ ಬಿಳಿ ಸಾಹೇಬರೇ ಇದ್ದರು. ಮದ್ರಾಸಿನಲ್ಲಿ ಸಂಶೋಧನೆ ಮಾಡುತ್ತಿದ್ದ ಗೆಳೆಯ ರಾಘವ ಒಂದು ಪೆಟ್ಟಿಗೆ ಹೊತ್ತು ಬಂದ. ಕಲ್ಲು, ಮಣ್ಣು, ಆಕಾಶ ಎಲ್ಲದರಿಂದಲೂ ಕಣ್ಣಿಗೆ ಕಾಣದ ಕಿರಣಗಳು ಸದಾ ಬರುತ್ತಿರುತ್ತವೆ. ಅವು ತಾಗಿದರೆ ಪೆಟ್ಟಿಗೆ ಟಿಕ್ ಎನ್ನುತ್ತದೆ. ಅವನು ಅಡುಗೆಮನೆ, ನಡುಮನೆ, ಹಂದಿಗೂಡು ಎಲ್ಲವನ್ನೂ ಅಳೆದ. ಹಂದಿಗೂಡಿಗೂ ನಡುಮನೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ನನ್ನ ಅತ್ತೆಯ ಎದುರೇ ಸಾರಿದ. ಆ ಮಧ್ಯಾಹ್ನ ಅವನ ಎಲೆಗೆ ಎರಡನೆಯ ಸಲ ಕಡುಬು ಬೀಳಲಿಲ್ಲ.

ಸಂಜೆ ಕೈಮಡಕ್ಕೆ ಹೋದೆವು. ಅದು ಗಟ್ಟಿ ಕಲ್ಲಿನದು. ಪೆಟ್ಟಿಗೆ ಬಿಡುವಿಲ್ಲದೆ ಟಿಕ್ ಟಿಕ್ ಎನ್ನತೊಡಗಿತು. ಮಾವ ತಲೆವಸ್ತ್ರ ಸರಿಮಾಡಿಕೊಂಡು ಕೈಮುಗಿದರು.

"ಕಾರೋಣರು ಮಾತಾಡ್ತಾ ಉಂಟು," ಎಂದರು.

ರಾಘವನಿಗೆ ಸುಮ್ಮನಿರಲು ಬರುವುದಿಲ್ಲ. "ನೀನು ಕಲ್ಲಿಗೂ ಪೆಟ್ಟಿಗೆಗೂ ನಡುವೆ ನಿಲ್ಲು, ನೋಡೋಣ," ಎಂದ. ನಿಂತೆ. ಟಿಕ್ ಟಿಕ್ ಇಳಿಯಿತು. ಸರಿದೆ, ಏರಿತು. ಮತ್ತೆ ನಿಂತೆ, ಮತ್ತೆ ಇಳಿಯಿತು. ಮಾವ ಪಕ್ಕದಲ್ಲಿದ್ದ ನನ್ನ ಹೆಂಡತಿಯತ್ತ ತಿರುಗಿದರು.

"ನೋಡಿದ್ಯಾ ಮಗಳೇ, ಇವ ಎದುರು ಬಂದ್ರೆ ಅವರಿಗೆ ಮಾತೇ ಬರೂದಿಲ್ಲ."

"ಹಾಗಲ್ಲ ಮಾವ," ಎಂದೆ. "ಮನುಷ್ಯನ ಮೈಯಲ್ಲಿ ಹೆಚ್ಚಿನ ಪಾಲು ನೀರು. ಅದು ಕಿರಣಗಳನ್ನ ತಡೀತದೆ."

"ಅದೇ ನಾನೂ ಹೇಳೂದು. ಬರೀ ನೀರು ತುಂಬಿಕೊಂಡವನ ಹತ್ರ ಅವರು ಎಂತ ಮಾತಾಡೂದು?"

ನನ್ನ ಹೆಂಡತಿ ಕಾಫಿ ತರುತ್ತೇನೆಂದು ಮನೆಯೊಳಗೆ ಓಡಿದಳು. ಕಾಫಿ ಬರಲಿಲ್ಲ, ನಗು ಮಾತ್ರ ಕೇಳಿಸಿತು.

ಆ ವರ್ಷ ಎಡೆಯಿಡುವ ದಿನ ನಾನೇ ಚಪ್ಪಲಿ ಬಿಟ್ಟು ಮುಂದೆ ಹೋಗಿ, "ನನಗೂ ಒಂದು ತೊಟ್ಟು ಕೊಡಿ ಮಾವ," ಎಂದೆ. ಪ್ರಸಾದದ ಸಾರಾಯಿ ಗಂಟಲಲ್ಲಿ ಇಳಿಯುತ್ತಿದ್ದಂತೆ ಕಣ್ಣಿಂದ ಧಾರಾಕಾರ ನೀರು ಸುರಿಯಿತು. ಮಾವ ಅದನ್ನು ತೃಪ್ತಿಯಿಂದ ನೋಡಿ ಬೆನ್ನು ತಟ್ಟಿದರು.

"ಸ್ವಲ್ಪ ಹೊರಗೆ ಬಂತು," ಎಂದರು.

ವಿಜ್ಞಾನದ ಮೇಷ್ಟ್ರಾಗಿ ನಾನು ಅದನ್ನು ತಿದ್ದಬೇಕಿತ್ತು. ತಿದ್ದಲಿಲ್ಲ, ಇನ್ನೊಂದು ತೊಟ್ಟಿಗೆ ಕೈಚಾಚಿದೆ.